ಸೀಲು ಒಡೆದ ಬಾಟಲಿ

ಮಗಳ ಮನೆ, ಮೂರನೇ ಮಹಡಿ
ಭಾನುವಾರ ಬೆಳಿಗ್ಗೆ, ಕಾಫಿ ಆದಮೇಲೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ನಿದ್ದೆ ಸರಿಯಾಗಿ ಬರುತ್ತಿದೆಯಾ, ಅಥವಾ ಬರಬಾರದ ಹೊತ್ತಿನಲ್ಲೆಲ್ಲ ಬರುತ್ತಿದೆಯಾ? ಕೈಕಾಲು ತಣ್ಣಗಾಗುತ್ತವೆಯಾ? ಬೆಳಿಗ್ಗೆ ಎದ್ದಾಗ ಮುಖ ಊದಿರುತ್ತದೆಯಾ? ಇಷ್ಟು ಓದುವಷ್ಟರಲ್ಲಿ ನೀನು ಹುಬ್ಬು ಗಂಟಿಕ್ಕಿರುತ್ತೀಯ, ಗೊತ್ತು. 'ಇವನಿಗೆ ಏನು ಬಂತು, ಪತ್ರದಲ್ಲೂ ಚೆಕಿಂಗ್ ಶುರುಮಾಡಿದ' ಅಂತ. ಹೌದು, ಶುರುಮಾಡಿದ್ದೇನೆ. ಫೋನಿನಲ್ಲಿ ಕೇಳಿದರೆ 'ನಾನು ಆರಾಮಾಗಿದ್ದೀನಿ ಕಣೋ, ನಿನ್ನ ಕಥೆ ಹೇಳು' ಅಂತ ಪ್ರಶ್ನೆಯನ್ನು ನನ್ನ ಕಡೆಗೇ ತಿರುಗಿಸುತ್ತೀಯ. ಇನ್ನೊಂದು ಸಲ ಕೇಳಿದರೆ ಲೈನ್ ಕಟ್ಟಾಗುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಆಯುಷ್ಯ ಕಳೆದವಳು ನೀನು, ಯಾವ ಲೈನನ್ನು ಯಾವಾಗ ಕತ್ತರಿಸಬೇಕು ಅನ್ನುವುದು ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಪತ್ರವನ್ನು ಮಾತ್ರ ಹಾಗೆ ಕತ್ತರಿಸಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು, ಕೂತುಕೊಂಡು, ಕೊನೆಯವರೆಗೂ ಓದು.

ನಮ್ಮ ಮನೆಯ ಸಮಾಚಾರ ಮೊದಲು ಹೇಳಿ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಅದನ್ನೇ ಹುಡುಕುತ್ತಾ ನೀನು ಸಾಲು ಹಾರಿಸುತ್ತೀಯ. ಮಗಳು ಬೆಳಗಾದರೆ ಪುಟಾಣಿಗಳ ಶಾಲೆಗೆ ಓಡುತ್ತಾಳೆ, ಸಂಜೆ ಬಟ್ಟೆ ತುಂಬ ಬಣ್ಣ ಮೆತ್ತಿಸಿಕೊಂಡು ಬರುತ್ತಾಳೆ. ಅಳಿಯ ಲಿಫ್ಟ್ ರಿಪೇರಿ ಮಾಡುತ್ತಾನೆ. ಊರಿಗೆಲ್ಲ ಲಿಫ್ಟ್ ಸರಿಮಾಡಿಕೊಡುವವನು ಬಾಡಿಗೆಗೆ ಹಿಡಿದಿರುವ ಕಟ್ಟಡದಲ್ಲಿ ಮಾತ್ರ ಲಿಫ್ಟೇ ಇಲ್ಲ, ನಾನು ಮೂರು ಮಹಡಿ ಹತ್ತಿ ಇಳಿಯಬೇಕು. ಹಗಲೆಲ್ಲ ಮನೆಯಲ್ಲಿ ನಾನೊಬ್ಬನೇ. ಅಡುಗೆಮನೆಯ ಕಿಟಕಿಯಿಂದ ಕೆಳಗಿನ ಬಸ್‌ಸ್ಟಾಪು ಕಾಣುತ್ತದೆ. ಇಲ್ಲಿನ ಬಸ್ಸಿಗೆ ಕಂಡಕ್ಟರೂ ಇಲ್ಲ, ಚೆಕಿಂಗೂ ಇಲ್ಲ. ಹತ್ತುವವರು ಒಂದು ಕಾರ್ಡನ್ನು ಪೆಟ್ಟಿಗೆಗೆ ತಾಗಿಸಿ ಒಳಗೆ ಹೋಗುತ್ತಾರೆ. ಎಲ್ಲರೂ ತಾಗಿಸುತ್ತಾರೆ ಅಂತ ಅಳಿಯ ಹೇಳುತ್ತಾನೆ. ಅವನು ಒಳ್ಳೆಯವನು, ಪಾಪ. ಹಸಿರು ಕೋಟಿನವನೊಬ್ಬ ದಿನಾ ಕೈ ಚಾಚಿದಂತೆ ಮಾಡಿ ತಾಗಿಸದೇ ನುಸುಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಳಿದು ಹೋಗಿ ಹಿಡಿಯೋಣ ಅನ್ನಿಸುತ್ತದೆ, ಆದರೆ ಈ ಪರದೇಶದಲ್ಲಿ ನನ್ನ ಮಾತು ಯಾರಿಗೆ ತಿಳಿಯಬೇಕು?

ಇನ್ನು ವಿಷಯಕ್ಕೆ ಬರುತ್ತೇನೆ. ಇಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಪ್ಲಂಬರ್ ಕೈಯಲ್ಲಿ ನೀನು ಕಳಿಸಿದ ಥೈರಾಯ್ಡ್ ಮಾತ್ರೆಯ ಬಾಟಲಿ ತಲುಪಿತು. ಆದರೆ ಅದರ ಸೀಲು ಒಡೆದಿತ್ತು. ಯಾರು ಒಡೆದರು, ಯಾಕೆ ಒಡೆದರು ಅಂತ ಪತ್ತೆ ಮಾಡಿದ್ದೇನೆ. ಒಡೆದವರಿಗೆ ಈಗಲೇ ಎದೆ ಡವಡವ ಅನ್ನುತ್ತಿರಬೇಕು. ಅನ್ನಲಿ. ತನಿಖೆ ಅಂದಮೇಲೆ ಬುಡದಿಂದ ಶುರುಮಾಡುವುದು ನನ್ನ ಕ್ರಮ, ಬಸ್ ಡಿಪೋದಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದಾಗ ಮೇಲಿನವರು ಎಷ್ಟೇ ಬೈದರೂ ನಾನು ವರದಿಯನ್ನು ನಡುವಿನಿಂದ ಬರೆದವನಲ್ಲ. ಗೊತ್ತಿರುವುದನ್ನೇ ಹೇಳುತ್ತಾನೆ ಅಂತ ಗೊಣಗಬೇಡ.

ನನ್ನ ಹೆಂಡತಿ ಹೋದಮೇಲೆ ನಾನು ನಿನ್ನ ಮಹಡಿ ಮನೆಗೆ ಬಂದು ಸೇರಿಕೊಂಡೆ. ಆಗಲೇ ನಿನಗೆ ಥೈರಾಯ್ಡ್ ಇತ್ತು. ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು, ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ. ಆ ಅರ್ಧ ಗಂಟೆ ನೀನು ನನ್ನ ಮೇಲೆ ಸಿಡಿಮಿಡಿ ಅನ್ನುತ್ತಿದ್ದೆ. ನಾನು ರಿಟೈರ್ ಆದ ಹೊಸದರಲ್ಲಿ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಹೊಟ್ಟೆ ಬಂತು, ಯಾವುದೂ ಬೇಡ ಅನ್ನಿಸುತ್ತಿತ್ತು. ಒಂದು ದಿನ ನೀನು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದೆ. 'ನನಗೂ ಹೀಗೇ ಶುರುವಾಗಿದ್ದು ಕಣೋ. ಒಂದೇ ಹೊಟ್ಟೇಲಿ ಹುಟ್ಟಿದೋರು, ಒಬ್ಬರಿಗೆ ಬಂದು ಒಬ್ಬರಿಗೆ ಬಿಡುತ್ತಾ?' ಅಂದು ನನ್ನ ಅಂಗೈಗೂ ಒಂದು ಮಾತ್ರೆ ಹಾಕಿದೆ. ನಾನು ನುಂಗಿದೆ. ನೀನು ಕೊಟ್ಟಿದ್ದನ್ನು ಯಾವತ್ತು ಬೇಡ ಅಂದಿದ್ದೇನೆ? ವಾರ ಕಳೆಯುವುದರೊಳಗೆ ನಾನು ಎದ್ದು ಓಡಾಡುವವನಾದೆ. ಅಲ್ಲಿಂದ ಮುಂದೆ ಒಂದೇ ಬಾಟಲಿ, ಇಬ್ಬರು ಗಿರಾಕಿಗಳು. ಬೀದಿ ಕೊನೆಯ ಮೆಡಿಕಲ್ ಶಾಪಿನ ಯಜಮಾನರು ನಮ್ಮನ್ನು ಕಂಡರೆ ಚೀಟಿಯನ್ನೂ ಕೇಳುತ್ತಿರಲಿಲ್ಲ, ಬಾಟಲಿ ತೆಗೆದು ಮುಂದಿಡುತ್ತಿದ್ದರು.

ಇಲ್ಲಿಗೆ ಬರುವಾಗ ನೀನು ಕಟ್ಟಿಕೊಟ್ಟ ಬಾಟಲಿಗಳು ಮುಗಿಯುತ್ತಾ ಬಂದವು. ಒಂದು ಬೆಳಿಗ್ಗೆ ನಾನೇ ಕೆಳಗಿಳಿದು, ಖಾಲಿ ಬಾಟಲಿ ಮತ್ತು ನಿನ್ನ ಹಳೆಯದೊಂದು ಚೀಟಿ ಹಿಡಿದುಕೊಂಡು ಔಷಧಿ ಅಂಗಡಿಗೆ ಹೋದೆ. ಅದನ್ನು ಅಂಗಡಿ ಅನ್ನುವ ಹಾಗೂ ಇಲ್ಲ, ಅಷ್ಟು ಬೆಳಕು, ಅಷ್ಟು ನಿಶ್ಶಬ್ದ. ಔಷಧಿ ಎಲ್ಲಿಟ್ಟಿದ್ದಾರೆ ಅಂತಲೇ ಕಾಣುವುದಿಲ್ಲ. ಮುಚ್ಚಿಟ್ಟು ಮಾರುವ ವ್ಯಾಪಾರ ನನಗೆ ಮೊದಲೇ ಸರಿಬರುವುದಿಲ್ಲ. ಕೌಂಟರಿನಲ್ಲಿ ಬಿಳಿ ಕೋಟಿನ ಹೆಂಗಸು. ಬಾಟಲಿ ನೋಡಿದಳು, ಚೀಟಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಚೀಟಿ ನೋಡಿದಳು. ಚೀಟಿಯಲ್ಲಿ ನಿನ್ನ ಹೆಸರು, ನಿನ್ನ ವಯಸ್ಸು, ಹೆಂಗಸು ಅಂತ ಬೇರೆ ಬರೆದಿದೆ. ಮುಂದೆ ನಿಂತವನು ಮೀಸೆಯ ನಾನು. ಅಕ್ಕನ ಪಾಸಿನಲ್ಲಿ ಬಸ್ಸು ಹತ್ತಿದ ಹುಡುಗರನ್ನು ಎಷ್ಟು ಜನರನ್ನು ನಾನೇ ಕೆಳಗಿಳಿಸಿದ್ದೆನೋ, ಅವರೆಲ್ಲ ಒಟ್ಟಿಗೆ ಎಲ್ಲೋ ಕೂತು ನಕ್ಕ ಹಾಗಾಯಿತು. ಅವಳು ತಲೆ ಅಲ್ಲಾಡಿಸಿ ಚೀಟಿ ವಾಪಸ್ ಕೊಟ್ಟಳು. ಇಲ್ಲಿನ ಡಾಕ್ಟರು ಬರೆದುಕೊಡಬೇಕು, ನನ್ನ ಹೆಸರಿಗೇ ಬರೆದುಕೊಡಬೇಕು, ಇಲ್ಲದಿದ್ದರೆ ಒಂದು ಮಾತ್ರೆಯೂ ಇಲ್ಲವಂತೆ. ನಾನು ಕನ್ನಡದಲ್ಲೇ ಸರಿಯಾಗಿ ಬೈದು ಬಂದೆ. ಅವಳು 'ಥ್ಯಾಂಕ್ಯೂ' ಅಂದಳು.

ಆಮೇಲೆ ಮಗಳು ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಳಿಯನಿಗಿಂತ ಚಿಕ್ಕ ಪ್ರಾಯದವನು. ಕತ್ತಿಗೆ ಸ್ಟೆತಾಸ್ಕೋಪೂ ಇಲ್ಲ, ಡಾಕ್ಟರು ಅಂತ ನಂಬುವುದು ಹೇಗೆ? ಅವನು ಉದ್ದಕ್ಕೆ ಏನೋ ಹೇಳುತ್ತಾನೆ, ನನ್ನ ಮಗಳು ಕನ್ನಡದಲ್ಲಿ 'ಏನಿಲ್ಲ ಅಪ್ಪ' ಅನ್ನುತ್ತಾಳೆ. ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥ ಇರಲು ಸಾಧ್ಯವೇ? ನಿಮಗೆ ಥೈರಾಯ್ಡ್ ಇದೆ ಅಂತ ಯಾರು ಹೇಳಿದ್ದು ಅಂತ ನನ್ನನ್ನು ಕೇಳಿದ. ನಮ್ಮಕ್ಕ ಅಂದೆ. ನಿಮ್ಮಕ್ಕ ಡಾಕ್ಟರಾ ಅಂದ. ಅಲ್ಲ, ಟೆಲಿಫೋನ್ ಆಪರೇಟರ್ ಅಂದೆ. ಅವನು ಪೆನ್ನು ಕೆಳಗಿಟ್ಟ. ಆಮೇಲೆ ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟ. ಹಾಳೆ ಪಟಪಟ ನಡುಗಿತು. ಫ್ಯಾನಿನ ಗಾಳಿ ಇರಬೇಕು ಅಂತ ತಲೆಯೆತ್ತಿ ನೋಡಿದೆ, ಮೇಲೆ ಫ್ಯಾನ್ ಇರಲಿಲ್ಲ. ಎದೆ ಹೊಡೆದುಕೊಳ್ಳುತ್ತಾ, ನಿದ್ದೆ ಬರುತ್ತಾ, ಸಿಟ್ಟು ಬರುತ್ತಾ, ಯಾರನ್ನಾದರೂ ಸುಮ್ಮಸುಮ್ಮನೆ ಅನುಮಾನಿಸುತ್ತೀರಾ ಅಂತ ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಯದಕ್ಕೆ ನನ್ನ ಮಗಳು ಅನುವಾದ ಮಾಡುವ ಮೊದಲೇ ನಕ್ಕುಬಿಟ್ಟಳು. ಅನುಮಾನ ನನ್ನ ಕಾಯಿಲೆಯಲ್ಲ, ನನ್ನ ಸರ್ವಿಸ್ಸು ಅಂತ ಹೇಳು ಅವನಿಗೆ ಅಂದೆ. ಹೇಳಿದಳೋ ಇಲ್ಲವೋ. ರಕ್ತ ತೆಗೆದುಕೊಂಡರು, ವರದಿಯೂ ಬಂತು. ಅದರಲ್ಲಿ ಏನಿತ್ತು ಅನ್ನುವುದು ಬೇರೆ ವಿಷಯ. ಆ ಹುಡುಗ ಡಾಕ್ಟರನ ಮಾತನ್ನು ನಾನು ಎಳ್ಳಷ್ಟೂ ನಂಬಲಿಲ್ಲ ಅಂತ ಸದ್ಯಕ್ಕೆ ತಿಳಿದುಕೋ.

ಅದಕ್ಕೇ ನಿನಗೆ ಫೋನ್ ಮಾಡಿದ್ದು. 'ಇಲ್ಲಿ ಕೊಡೋದಿಲ್ಲ ಅಂತಾರೆ, ನೀನೇ ಕಳಿಸು' ಅಂದೆ. ನೀನು ಎರಡನೇ ಮಾತಾಡದೆ ಅಳಿಯನ ಸ್ನೇಹಿತನ ಕೈಯಲ್ಲಿ ಒಂದು ಬಾಟಲಿ ಕಳಿಸಿದೆ. ಅದರ ಸೀಲು ನೆಟ್ಟಗಿತ್ತು. ಕೆಲವು ತಿಂಗಳು ಬಿಟ್ಟು 'ಖಾಲಿಯಾಗ್ತಾ ಬಂತು, ಇನ್ನೊಂದು ಕಳಿಸು' ಅಂದೆ. ಆಗ ನೀನು ನಗುತ್ತಾ ಹೇಳಿದ ಮಾತು ನೆನಪಿದೆಯಾ? ಮೆಡಿಕಲ್ ಶಾಪಿನ ಯಜಮಾನರು ಅಂಗಡಿಯನ್ನು ಬೇರೆಯವರಿಗೆ ವಹಿಸಿಕೊಟ್ಟು ಬಹಳ ದಿನವಾಯಿತು, ಈಗ ಅಲ್ಲಿ ಕೂತಿರುವವನು ಬಲು ಬಿಗಿ, ಚೀಟಿಯಲ್ಲಿ ಹೆಸರು ನೋಡಿ, ತಾರೀಖು ನೋಡಿ, ಒಬ್ಬರಿಗೆ ಎಷ್ಟೋ ಅಷ್ಟೇ ಕೊಡುತ್ತಾನೆ, 'ನಿನಗಿಂತ ದೊಡ್ಡ ಚೆಕಿಂಗ್ ಕಣೋ ಅವನು' ಅಂದೆ. ನಾನೂ ನಕ್ಕೆ. 'ಭೇಷ್, ಹಾಗಿರಬೇಕು' ಅಂತ ಅವನನ್ನು ಹೊಗಳಿಯೂ ಬಿಟ್ಟೆ! ಒಬ್ಬರಿಗೆ ಎಷ್ಟೋ ಅಷ್ಟೇ ಸಿಗುವುದಾದರೆ ಇನ್ನೊಬ್ಬರ ಪಾಲು ಎಲ್ಲಿಂದ ಬರುತ್ತಿದೆ ಅಂತ ನನ್ನ ತಲೆಗೆ ಹೊಳೆಯಲಿಲ್ಲ. ಊರಿನವರನ್ನೆಲ್ಲ ಅನುಮಾನಿಸುವ ತಲೆಗೆ ಇಷ್ಟು ಹೊಳೆಯಲಿಲ್ಲ ನೋಡು.

ಆದರೆ ನಿನ್ನ ದನಿ ಮಾತ್ರ ನನ್ನ ಕಿವಿಯಲ್ಲಿ ಕೂತಿತ್ತು. 'ನಂಬರ್ ಪ್ಲೀಸ್' ಅಂತ ನೀನು ಒಂದು ಸಲ ಅಂದರೆ ಸಾಕು, ಮಾತಾಡುವುದನ್ನೇ ಮರೆಯುತ್ತಿದ್ದರಂತೆ ಜನ, ಅಂಥ ಗಂಟಲು ನಿನ್ನದು. ಅದು ಈಗ ಒರಟೊರಟಾಗಿದೆ. ಮಾತೂ ನಿಧಾನ, ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ನಾನು ಕಾಯಬೇಕು. ಕೇಳಿದರೆ ನೀನು ಲೈನ್ ಸರಿಯಿಲ್ಲ ಅಂದೆ. ನಾನು ಇಲ್ಲಿನ ಫೋನ್ ಕಂಪನಿಯನ್ನು ಅನುಮಾನಿಸಿದೆ. ಅಳಿಯನ ಫೋನಿನಿಂದ ಮಾಡಿಸಿದೆ, ಮಗಳ ಫೋನಿನಿಂದ ಮಾಡಿಸಿದೆ. ಆಮೇಲೆ ನೀನು ನೆಗಡಿ ಅಂದೆ. ಎಷ್ಟು ತಿಂಗಳು ಇರುತ್ತದೆ ಅಕ್ಕಾ ಒಂದು ನೆಗಡಿ? ಮೊನ್ನೆ ನೀನು ನಮ್ಮ ನಂಬರನ್ನೇ ಎರಡು ಸಲ ತಪ್ಪು ಒತ್ತಿದೆ ಅಂತ ಹೇಳಿಕೊಂಡು ನಕ್ಕೆ. ಇಡೀ ಊರಿನ ನಂಬರುಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದವಳು! ಆ ನಗು ನನಗೆ ಸರಿಬರಲಿಲ್ಲ. ನಿನ್ನ ಮೇಲೆ ಮೊದಲ ಸಲ ಅನುಮಾನ ಬಂದದ್ದು ಆಗಲೇ.

ಹಾಗಿರುವಾಗ ಪ್ಲಂಬರ್ ರಜೆ ಮುಗಿಸಿಕೊಂಡು ವಾಪಸ್ ಬಂದ. ನಮ್ಮ ಕಡೆಯವನು ಅನ್ನುವ ಸಲುಗೆಯಿಂದ ಹೋಗುವಾಗ ನಾನೇ ನಿನ್ನ ವಿಳಾಸ ಕೊಟ್ಟು ಕಳಿಸಿದ್ದೆ. ಬಾಟಲಿ ತಂದು ಮಗಳ ಕೈಗೆ ಕೊಟ್ಟು, ಅವಸರದಲ್ಲಿದ್ದೇನೆ ಅಂತ ನನ್ನ ಮುಖ ನೋಡದೆ ಹೊರಟುಹೋದ. ಮುಖ ನೋಡದೆ ಇಳಿಯುವ ಪ್ರಯಾಣಿಕನನ್ನು ನಾನು ಯಾವತ್ತೂ ಬಿಟ್ಟವನಲ್ಲ. ಕಾಗದ ಬಿಚ್ಚಿ ನೋಡಿದರೆ ಮುಚ್ಚಳದ ಕೆಳಗಿನ ಪ್ಲಾಸ್ಟಿಕ್ ಬಳೆ ತುಂಡಾಗಿದೆ. ಮುಚ್ಚಳ ತೆಗೆದರೆ ಒಳಗಿನ ಹತ್ತಿಯನ್ನು ಯಾರೋ ಹೊರತೆಗೆದು ಮತ್ತೆ ತುರುಕಿದ್ದಾರೆ, ಕಂಪನಿಯವರು ಹಾಗೆ ಉಂಡೆ ಕಟ್ಟಿ ತುರುಕುವುದಿಲ್ಲ. ಸರಿ, ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಬಾಗಿಲು ಹಾಕಿಕೊಂಡು, ಬಿಳಿ ತಟ್ಟೆಯ ಮೇಲೆ ಮಾತ್ರೆಗಳನ್ನೆಲ್ಲ ಸುರಿದು ಎಣಿಸಿದೆ. ಎರಡು ಸಲ ಎಣಿಸಿದೆ. ಒಂದೂ ಕಡಿಮೆ ಇರಲಿಲ್ಲ. ನನ್ನ ತಲೆ ಕೆಟ್ಟಿತು. ಸೀಲು ಒಡೆದು ಏನೂ ತೆಗೆದುಕೊಳ್ಳದೆ ಹೋಗುವ ಕಳ್ಳ ಯಾರು? ಹಾಗಾದರೆ ಬದಲಾಯಿಸಿರಬೇಕು. ಹಳೆಯ ಬಾಟಲಿಯ ತಳದಲ್ಲಿ ಉಳಿದಿದ್ದ ಮಾತ್ರೆಯೊಂದನ್ನು ಪಕ್ಕದಲ್ಲಿಟ್ಟು, ಮಗಳು ಸೂಜಿಗೆ ದಾರ ಪೋಣಿಸುವಾಗ ಬಳಸುವ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದೆ. ಅದೇ ಬಣ್ಣ, ಅದೇ ಗೆರೆ, ಅದೇ ಅಕ್ಷರ. ನಾಲಿಗೆಗೆ ತಾಗಿಸಿ ನೋಡಿದೆ, ರುಚಿಯೂ ಅದೇ.

ಮಗಳನ್ನು ಕೇಳಿದೆ. ಬಾಟಲಿ ನೀನು ಬಿಚ್ಚಿದೆಯಾ, ಆ ಡಾಕ್ಟರಿಗೆ ತೋರಿಸಿದೆಯಾ ಅಂತ. ಅವಳು ಕಣ್ಣಲ್ಲಿ ನೀರು ತಂದುಕೊಂಡು 'ಅಪ್ಪ, ಮನೆಯವರನ್ನಾದರೂ ಬಿಟ್ಟುಬಿಡಿ' ಅಂದಳು. ಪಾಪ ಅನ್ನಿಸಿತು, ಬಿಟ್ಟೆ. ಅಳಿಯನನ್ನು ಕೇಳುವ ಹಾಗಿಲ್ಲ, ಅವನು ಅಳಿಯ. ವಿಮಾನ ನಿಲ್ದಾಣದವರು ಬಿಚ್ಚಿರಬಹುದು ಅಂದ ಅವನು. ಅವರು ಬಿಚ್ಚಿದರೆ ಬಿಚ್ಚಿದ್ದೇವೆ ಅಂತ ಅಂಟುಪಟ್ಟಿ ಹಾಕುತ್ತಾರೆ, ಹತ್ತಿಯನ್ನು ಅಷ್ಟು ಮುತುವರ್ಜಿಯಿಂದ ಉಂಡೆ ಕಟ್ಟುತ್ತಾರೆಯೇ? ಉಳಿದವನು ಒಬ್ಬನೇ.

ಪ್ಲಂಬರ್ ಇರುವುದು ಊರಾಚೆ, ಗೋದಾಮುಗಳ ಹಿಂದೆ, ಒಂದು ಉದ್ದನೆಯ ಕಟ್ಟಡದಲ್ಲಿ. ಒಂದು ಕೋಣೆಗೆ ನಾಲ್ಕು ಮಂಚ, ಮಂಚದ ಕೆಳಗೆ ಪೆಟ್ಟಿಗೆ, ಕಿಟಕಿಯ ಸರಳಿಗೆ ಒಣಗಲು ಹಾಕಿದ ಕಾಲುಚೀಲಗಳು. ನಾನು ಹೋದಾಗ ಅವನು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಲಸದ ಬಟ್ಟೆ ತಿಕ್ಕುತ್ತಿದ್ದ. ನಾನು ಕೂರಲೂ ಇಲ್ಲ, ಬಾಟಲಿಯನ್ನು ಅವನ ಕಣ್ಣ ಮುಂದೆ ಹಿಡಿದೆ. 'ಇದರ ಸೀಲು ಹೇಗಪ್ಪಾ ಒಡೀತು?' ಅಂತ ಮಾತ್ರ ಕೇಳಿದೆ. ನನ್ನ ಆ ದನಿ ನಿನಗೆ ಗೊತ್ತು, ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವ ದನಿ. ಮಂಚದ ಮೇಲಿದ್ದವರೆಲ್ಲ ಎದ್ದು ಕೂತರು. ಅವನ ಮುಖ ಕೆಂಪಾಯಿತು. 'ನನ್ನನ್ನ ಕಳ್ಳ ಅಂದ್ಕೊಂಡ್ರಾ ಯಜಮಾನ್ರೇ?' ಅಂದ. ಸೋಪಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತ. 'ಹೇಳಬೇಡ ಅಂತ ಆ ತಾಯಿ ಕೈ ಹಿಡ್ಕೊಂಡು ಹೇಳಿದ್ರು. ಆದರೆ ನೀವು ನನ್ನ ಮರ್ಯಾದೆ ತೆಗೆಯೋಕೆ ಬಂದಿದ್ದೀರಿ, ಕೇಳಿಸ್ಕೊಳ್ಳಿ' ಅಂದ.

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಸುಳ್ಳಾದರೆ ನೀನೇ ತಿದ್ದು. ಅವನು ಬಂದಾಗ ಮಟಮಟ ಮಧ್ಯಾಹ್ನ, ಸೆಖೆಯಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತಂತೆ. ನೀನು ಸ್ವೆಟರ್ ತೊಟ್ಟು, ಕಾಲುಚೀಲ ಹಾಕಿಕೊಂಡು ಬಾಗಿಲು ತೆಗೆದೆಯಂತೆ. ನಿನ್ನ ಫೋಟೋ ನಾನು ತೋರಿಸಿದ್ದೆನಲ್ಲ, ಮುಖ ಊದಿಕೊಂಡು ಬೇರೆ ಯಾರೋ ಅನ್ನಿಸಿತಂತೆ. ಕೂರಿಸಿ, ನೀರು ಕೊಟ್ಟು, ನನ್ನ ಬಗ್ಗೆ ಕೇಳುತ್ತಾ ಕೇಳುತ್ತಾ ಮಾತಿನ ನಡುವೆಯೇ ನಿನಗೆ ತೂಕಡಿಕೆ ಬಂತಂತೆ. ಅವನು ಏನು ಮಾಡುವುದು ತಿಳಿಯದೆ ಲೋಟ ಹಿಡಿದುಕೊಂಡು ಕೂತಿದ್ದನಂತೆ. ಎದ್ದವಳೇ ಅಂಗಡಿಯಿಂದ ತಂದ ಹೊಸ ಬಾಟಲಿ ತೆಗೆದು, ಅವನ ಎದುರಿಗೇ ಸೀಲು ಒಡೆದು, ಅರ್ಧಕ್ಕರ್ಧ ಮಾತ್ರೆ ಒಂದು ಸ್ಟೀಲ್ ಡಬ್ಬಿಗೆ ಸುರಿದುಕೊಂಡೆ. ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ. ಅವನು ಮೆಟ್ಟಿಲಿಳಿದು ಬೀದಿಗೆ ಬಂದಮೇಲೆ ಮೇಲಿನಿಂದ ಚಪ್ಪಾಳೆ ತಟ್ಟಿ ಕರೆದೆ, ಕೂಗಲು ನಿನಗೆ ದನಿಯೇ ಇರಲಿಲ್ಲವಂತೆ. ಅವನು ಮತ್ತೆ ಹತ್ತಿ ಬಂದ. ನೀನು ಬಾಟಲಿ ಇಸಿದುಕೊಂಡು, ಡಬ್ಬಿಯಲ್ಲಿದ್ದುದನ್ನು ಒಂದೂ ಬಿಡದೆ ವಾಪಸ್ ಅದಕ್ಕೇ ಸುರಿದು, ಹತ್ತಿ ಒತ್ತಿ, ಮುಚ್ಚಳ ಹಾಕಿದೆ. 'ಅವನಿಗೆ ಅಲ್ಲಿ ಯಾರೂ ಕೊಡೋದಿಲ್ಲವಂತೆ ಕಣಪ್ಪಾ. ನನಗಾದರೆ ಬೀದಿ ಕೊನೇಲೇ ಅಂಗಡಿ ಇದೆ' ಅಂದೆ. ಅಂಗಡಿ ಇದೆ ಅಕ್ಕಾ. ಒಬ್ಬರಿಗೆ ಎಷ್ಟೋ ಅಷ್ಟೇ ಕೊಡುವ ಅಂಗಡಿ. ಆ ಅಷ್ಟನ್ನೂ ನೀನು ಅವನ ಕೈಗೆ ಕೊಟ್ಟಾಗಿತ್ತು.

ನಾನು ಆ ಕೋಣೆಯಲ್ಲಿ ಯಾರದೋ ಮಂಚದ ಮೇಲೆ ಕೂತುಬಿಟ್ಟೆ. ಪ್ಲಂಬರ್ ತಾನೇ ಹೋಗಿ ಟೀ ಮಾಡಿಕೊಂಡು ಬಂದ. ಅವನ ಕ್ಷಮೆ ಕೇಳಿದ್ದೇನೆ, ಅವನ ಜೊತೆಗಾರರ ಎದುರಿಗೇ ಕೇಳಿದ್ದೇನೆ. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಪಕ್ಕದ ಸೀಟಿನವನು ಕಿಟಕಿಯ ಕಡೆ ತಿರುಗಿಕೊಂಡ. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಅಂದರೆ, ಎದುರಿಗಿದ್ದರೆ ಏನು ಅಂದುಬಿಡುತ್ತಿದ್ದೆನೋ. ಅಲ್ಲ, ನಿನಗೆ ಬುದ್ಧಿ ಇದೆಯಾ? ಅದು ನೆಗಡಿ ಮಾತ್ರೆಯೇ, ಬಿಟ್ಟರೆ ಬಿಟ್ಟ ಹಾಗೆ ಅನ್ನಲು? ಅದಿಲ್ಲದೆ ನಿನ್ನ ಮೈ ನಡೆಯುವುದಿಲ್ಲ ಅಂತ ನಿನಗೆ ಡಾಕ್ಟರು ಹೇಳಿರಲಿಲ್ಲವೇ? ನನಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವೇ? ನಾನು 'ಖಾಲಿಯಾಗ್ತಾ ಬಂತು' ಅಂದಾಗ 'ಇಲ್ಲೂ ಇಲ್ಲ ಕಣೋ' ಅನ್ನಬಾರದಿತ್ತೇ? ಎಲ್ಲರ ಮಾತನ್ನೂ ಎಲ್ಲರಿಗೂ ದಾಟಿಸಿದವಳು ನೀನು, ನಿನ್ನದೊಂದು ಮಾತು ನನ್ನವರೆಗೆ ಬರಲಿಲ್ಲ.

ಈಗ ಕೇಳು, ಇದು ತಮ್ಮನ ಬೇಡಿಕೆಯಲ್ಲ, ಆರ್ಡರು. ಪ್ಲಂಬರಿನ ಕೋಣೆಯಲ್ಲೇ ಇರುವ ಗಾರೆ ಮೇಸ್ತ್ರಿ ಇವತ್ತು ಊರಿಗೆ ಹೊರಟಿದ್ದಾನೆ. ಈ ಪತ್ರ, ನಿನ್ನ ಮಾತ್ರೆ, ನಿನ್ನ ಆ ಹಳೆಯ ಚೀಟಿ, ಎಲ್ಲ ಅವನ ಕೈಯಲ್ಲಿ ಬರುತ್ತಿವೆ. ಅವನು ತಲುಪಿಸಿದ ದಿನವೇ ಎದುರು ಮನೆಯ ಟೀಚರಮ್ಮನನ್ನು ಜೊತೆಗೆ ಕರೆದುಕೊಂಡು ಡಾಕ್ಟರ ಹತ್ತಿರ ಹೋಗು. ಇಷ್ಟು ದಿನ ಬಿಟ್ಟಿದ್ದೇನೆ ಅಂತ ಬಾಯಿಬಿಟ್ಟು ಹೇಳು, ಅಲ್ಲಿ ನಿನ್ನ ಆಪರೇಟರ್ ಜಾಣತನ ತೋರಿಸಬೇಡ. ರಕ್ತ ನೋಡಲಿ, ಎಷ್ಟು ತೆಗೆದುಕೊಳ್ಳಬೇಕು ಅಂತ ಅವರೇ ಹೇಳಲಿ. ಟೀಚರಮ್ಮನಿಗೆ ಮಗಳು ನಿನ್ನೆಯೇ ಫೋನ್ ಮಾಡಿ ಎಲ್ಲ ಹೇಳಿಯಾಗಿದೆ, ಅವರು ದಿನಾ ಬೆಳಿಗ್ಗೆ ಬಂದು ನಿನ್ನ ಎದುರು ನಿಂತು, ನೀನು ನುಂಗುವುದನ್ನು ನೋಡಿಯೇ ಹೋಗುತ್ತಾರೆ. ಬೇಕಾದರೆ ನಾಲಿಗೆ ಎತ್ತಿಸಿ ನೋಡಿ ಅಂತ ನಾನೇ ಹೇಳಿದ್ದೇನೆ. ಬೈದುಕೋ ನನ್ನನ್ನು. ನನ್ನ ಚಿಂತೆ ಮಾತ್ರ ಬಿಡು. ಇಲ್ಲಿ ನನಗೆ ಎಲ್ಲ ವ್ಯವಸ್ಥೆ ಆಗಿದೆ.

ಟೀಚರಮ್ಮನಿಗೆ ನನ್ನ ನಮಸ್ಕಾರ. ಮಗಳು ಮತ್ತು ಅಳಿಯ ನಿನ್ನ ಕಾಲಿಗೆರಗುತ್ತಾರೆ. ಅತ್ತೆಯ ಜೊತೆ ಜಗಳ ಆಡುವುದಿದೆ ಅಂತ ಮಗಳು ಹೇಳುತ್ತಿದ್ದಾಳೆ, ಅದನ್ನು ಅವಳು ಬೇರೆಯಾಗಿ ಆಡುತ್ತಾಳೆ. ನನ್ನನ್ನು ಹರಸುವುದಾದರೆ ಬಿಸಿ ಕೈಯಿಂದ ಹರಸು, ಆ ತಣ್ಣನೆಯ ಕೈ ನನಗೆ ಬೇಡ.

ಇಂತಿ ನಿನ್ನ ತಮ್ಮ,
ಚೆಕಿಂಗ್

ತಾ.ಕ.: ಮೇಸ್ತ್ರಿ ಬಂದು ಕೆಳಗೆ ನಿಂತಿದ್ದಾನೆ, ಮಗಳು ಬಾಟಲಿಗಳನ್ನು ಟವೆಲಿನಲ್ಲಿ ಸುತ್ತುತ್ತಿದ್ದಾಳೆ. ಎರಡು ಬಾಟಲಿ. ಇದನ್ನು ಬರೆಯಬಾರದು ಅಂತಲೇ ಇದ್ದೆ, ನೀನು ನೊಂದುಕೊಳ್ಳುತ್ತೀಯ ಅಂತ. ಆದರೆ 'ನನ್ನ ಚಿಂತೆ ಬಿಡು' ಅಂದರೆ ನೀನು ಬಿಡುವವಳಲ್ಲ, ಮುಂದಿನ ರಜೆಗೆ ಬಂದವರ ಕೈಯಲ್ಲಿ ಇದೇ ಮಾತ್ರೆ ಮತ್ತೆ ಇಲ್ಲಿಗೇ ಬರುತ್ತದೆ. ಅದಕ್ಕೆ ಹೇಳುತ್ತೇನೆ. ರಕ್ತದ ವರದಿ ನೋಡಿ ಆ ಹುಡುಗ ಡಾಕ್ಟರ್ ಮಾತ್ರೆ ನಿಲ್ಲಿಸಿ ಅಂದ. ನನ್ನ ಮೈಯಲ್ಲಿ ಅದು ಹೆಚ್ಚಾಗಿತ್ತಂತೆ, ಕೈ ನಡುಗುತ್ತಿದ್ದದ್ದು ಅದಕ್ಕೇ ಅಂತೆ. ಅವನ ಮಾತು ಸುಳ್ಳು ಅಂತ ತೋರಿಸಲಿಕ್ಕೆ ನಿಲ್ಲಿಸಿದೆ, ನಾನು ಬಿದ್ದುಹೋದರೆ ಬೇಕಾಗುತ್ತದೆ ಅಂತ ನಿನ್ನಿಂದ ಒಂದಲ್ಲ, ಎರಡು ಬಾಟಲಿ ತರಿಸಿಕೊಂಡು ಕಾಪಾಡಿಟ್ಟೆ. ನಾನು ಬೀಳಲಿಲ್ಲ. ನಡುಕ ಹೋಯಿತು, ನಿದ್ದೆ ಬಂತು. ಮತ್ತೆ ರಕ್ತ ನೋಡಿದರು. ನನಗೆ ಥೈರಾಯ್ಡ್ ಇಲ್ಲ ಅಕ್ಕಾ. ನೀನು ಪ್ರೀತಿಯಿಂದ ಕೊಟ್ಟೆ, ನಾನು ನುಂಗಿದೆ, ನನಗೇನೂ ಆಗಿಲ್ಲ, ಅದಕ್ಕೆ ಅಳಬೇಡ. ಅಳುವುದಾದರೆ ಇದಕ್ಕೆ ಅಳು: 'ಖಾಲಿಯಾಗ್ತಾ ಬಂತು' ಅಂತ ನಾನು ಫೋನಿನಲ್ಲಿ ಅಂದಾಗ ನೀನು ಮೊದಲು ಕಳಿಸಿದ ಬಾಟಲಿ ಮುಚ್ಚಳವನ್ನೂ ತೆಗೆಯದೆ ನನ್ನ ಬಟ್ಟೆಗಳ ಕೆಳಗೆ ಇತ್ತು. ನೀನು ಚಳಿ ಹತ್ತಿ ಸ್ವೆಟರ್ ತೊಟ್ಟು ಕೂತಿದ್ದಷ್ಟು ದಿನವೂ ಇತ್ತು. ಇವುಗಳಲ್ಲಿ ಒಂದನ್ನೂ ನಾನು ನುಂಗಿಲ್ಲ. ಎಲ್ಲ ನಿನ್ನವೇ, ಎಲ್ಲ ಹಾಗೇ ಇವೆ. ತಗೋ ಅಕ್ಕಾ.